ಲಿಂಕ್ ಆಯಿತು, ಆದರೆ ಓಡಲಿಲ್ಲ: ಓಪನ್‌ಬ್ಲಾಸ್ ಬಿಲ್ಡ್ ಆರಿಸಿದ ನನ್ನ ಅನುಭವ

ಮಲ್ಪೆ ಕಡಲಿನ ಅಲೆಗಳ ಲೆಕ್ಕಕ್ಕೆ ಒಂದು ಫೋರ್ಟ್ರಾನ್ ಪ್ರೋಗ್ರಾಂ ಬಳಸುತ್ತೇನೆ. ಹೊಸ ಲಿನಕ್ಸ್ ಯಂತ್ರದಲ್ಲಿ ಅದು ಕಂಪೈಲ್ ಆಯಿತು, ಲೈಬ್ರರಿಗಳ ಜೊತೆ ಲಿಂಕ್ ಕೂಡ ಆಯಿತು. ಓಡಿಸಿದರೆ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತುಹೋಯಿತು.

ಪ್ರೋಗ್ರಾಂಗೆ ಯಾವ ಲೈಬ್ರರಿಗಳು ಸೇರಿವೆ ಎಂದು ತೋರಿಸುವ ಎಲ್‌ಡಿಡಿ ಆಜ್ಞೆ ಕೊಟ್ಟಾಗ ಸುಳಿವು ಸಿಕ್ಕಿತು. ಅಲ್ಲಿ ಸೇರಿಕೊಂಡಿದ್ದು 64 ಬಿಟ್ ಇಂಟಿಜರ್‌ನ (ಪೂರ್ಣಾಂಕದ) ಓಪನ್‌ಬ್ಲಾಸ್, ಅಂದರೆ ಮ್ಯಾಟ್ರಿಕ್ಸ್ ಲೆಕ್ಕ ಮಾಡುವ ಲೈಬ್ರರಿ. 64 ಬಿಟ್ ಯಂತ್ರಕ್ಕೆ ಅದೇ ಸರಿ ಅನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಅಂಥ ಯಂತ್ರದಲ್ಲೂ ನಾನು ಬಳಸುವ ಕಂಪೈಲರ್ ಜಿಫೋರ್ಟ್ರಾನ್‌ನ ಮಾಮೂಲಿ ಇಂಟಿಜರ್ 32 ಬಿಟ್, ಅಂದರೆ 4 ಬೈಟ್. ಪ್ರೋಗ್ರಾಂ ಕೊಡುವುದು 4 ಬೈಟ್, ಲೈಬ್ರರಿ ಓದುವುದು 8 ಬೈಟ್. ಪಕ್ಕದ ಮೆಮೊರಿಯಲ್ಲಿ ಬಿದ್ದಿರುವ ಕಸವೂ ಮ್ಯಾಟ್ರಿಕ್ಸ್‌ನ ಅಳತೆಯೊಳಗೆ ಸೇರಿಬಿಡುತ್ತದೆ. ಲಿಂಕರ್ ನೋಡುವುದು ಸಬ್‌ರೂಟೀನ್‌ನ ಹೆಸರನ್ನಷ್ಟೇ, ಇಂಟಿಜರ್‌ನ ಅಳತೆಯನ್ನಲ್ಲ. ಅದಕ್ಕೇ ಎಚ್ಚರಿಕೆಯೇ ಬರಲಿಲ್ಲ. ಕೆಲವು ಬಿಲ್ಡ್‌ಗಳಲ್ಲಿ ಸಬ್‌ರೂಟೀನ್ ಹೆಸರಿಗೇ 64 ಅಂಟಿಸಿರುತ್ತಾರೆ. ತುಂಬಾ ಒಳ್ಳೆಯ ಪದ್ಧತಿ, ಎಲ್ಲರೂ ಮಾಡಬೇಕು.

ಇಂಟಿಜರನ್ನೇ 8 ಬೈಟ್ ಮಾಡಲು ಜಿಫೋರ್ಟ್ರಾನ್‌ಗೆ ‘-ಎಫ್‌ಡಿಫಾಲ್ಟ್-ಇಂಟಿಜರ್-8’ ಕೊಡಬಹುದಿತ್ತು. ಆದರೆ ನಾನು ಬಳಸುವ ಬೇರೆ ಲೈಬ್ರರಿಗಳೂ 4 ಬೈಟ್‌ನವು. ಅವೆಲ್ಲವನ್ನೂ ಬದಲಿಸುವುದು ಸುಮ್ನೆ ಜಾಸ್ತಿ ಕೆಲಸ. 32 ಬಿಟ್‌ನ ಮಿತಿಯಾದ ಸುಮಾರು 214 ಕೋಟಿ ದಾಟುವ ಸೂಚ್ಯಂಕ ಬೇಕಿದ್ದರೆ ಮಾತ್ರ 64 ಬಿಟ್‌ನದು ಬೇಕು. ನನ್ನ ಮ್ಯಾಟ್ರಿಕ್ಸ್‌ಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಾಗಿ ಓಪನ್‌ಬ್ಲಾಸನ್ನು 32 ಬಿಟ್ ಇಂಟಿಜರ್‌ಗೆ ‘ಇಂಟರ್‌ಫೇಸ್64=0’ ಇಟ್ಟು ಮತ್ತೆ ಬಿಲ್ಡ್ ಮಾಡಿದೆ. ಎಲ್‌ಡಿಡಿಯಲ್ಲಿ ಹೊಸ ಲೈಬ್ರರಿಯ ದಾರಿ ಕಾಣಿಸಿತು. ಪ್ರೋಗ್ರಾಂನ ಒಂದು ಸಾಲನ್ನೂ ಮುಟ್ಟದೆ ಲೆಕ್ಕ ಓಡಿತು.