ಬಾಯ್ಲರ್ ಹೊಸದು, ರೇಡಿಯೇಟರ್ ಮಾತ್ರ ತಣ್ಣಗೆ: ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ

ನವೆಂಬರ್ ಮೊದಲ ವಾರ. ರೆಡಿಂಗ್‌ನ ನಮ್ಮ ಮನೆಗೆ ಹೊಸ ಕಾಂಬಿ ಬಾಯ್ಲರ್ (ಹೀಟಿಂಗ್‌ಗೂ ನಲ್ಲಿಯ ಬಿಸಿನೀರಿಗೂ ಒಂದೇ) ಹಾಕಿಸಿ ಎರಡೇ ದಿನ ಆಗಿತ್ತು. ಮಂಡ್ಯದಿಂದ ಬಂದಿದ್ದ ಅಮ್ಮ ಹಿಂದಿನ ರೂಮಿನಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಎದ್ದವರೇ ರೇಡಿಯೇಟರ್ ಮೇಲೆ ಅಂಗೈ ಇಟ್ಟು, "ಮಗಾ, ಇದು ಬಿಸಿನೇ ಆಗಿಲ್ಲ ನೋಡು" ಅಂದರು. ಹಾಲ್‌ನಲ್ಲಿರುವುದು ಮುಟ್ಟಲಾಗದಷ್ಟು ಕಾದಿತ್ತು. ಅಮ್ಮನ ರೂಮಿನದು ಕಲ್ಲಿನ ಹಾಗೆ ತಣ್ಣಗಿತ್ತು. ಎಂಟರಲ್ಲಿ ಮೂರು ಹೀಗೇ.

ಹಾಕಿದವರಿಗೆ ಫೋನ್ ಮಾಡಿದೆ. ಬಾಯ್ಲರ್ ಸರಿಯಾಗಿ ಓಡುತ್ತಿದೆ, ರೇಡಿಯೇಟರ್ ತಮ್ಮ ಕೆಲಸ ಅಲ್ಲ ಅಂದರು. ನಾನು ಅದನ್ನು ನಂಬಿ ಹತ್ತು ದಿನ ಸುಮ್ಮನಿದ್ದೆ. ನೀವು ಹಾಗೆ ಮಾಡಬೇಡಿ. ಆಮೇಲೆ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿಯೋಣ. ನಮ್ಮೂರಿನ ಗೀಸರ್ ನೀರು ಕಾಯಿಸಿಕೊಟ್ಟರೆ ಅದರ ಕೆಲಸ ಮುಗಿಯಿತು. ಇಲ್ಲಿನ ಬಾಯ್ಲರ್ ನೀರು ಕಾಯಿಸಿ, ಪಂಪ್‌ನಿಂದ ತಳ್ಳಿ, ಪ್ರತಿಯೊಂದು ರೇಡಿಯೇಟರ್ ಒಳಗೂ ಹರಿಸಿ, ತಣ್ಣಗಾದದ್ದನ್ನು ವಾಪಸ್ ತರಿಸಿಕೊಳ್ಳುತ್ತದೆ. ನಲ್ಲಿಯ ಬಿಸಿನೀರೇ ಬೇರೆ, ಇದೇ ಬೇರೆ. ರೇಡಿಯೇಟರ್ ನೀರು ಅದೇ ಪೈಪುಗಳಲ್ಲಿ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹೊಸ ಬಾಯ್ಲರ್ ಹಾಕುವಾಗ ಆ ನೀರನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬುತ್ತಾರೆ. ಆಗ ಗಾಳಿ ಸೇರುತ್ತದೆ, ತಳದಲ್ಲಿ ಕೂತಿದ್ದ ರಾಡಿ ಕದಲುತ್ತದೆ, ಹಳೆಯ ವಾಲ್ವ್‌ಗಳು ಹಿಡಿದುಕೊಳ್ಳುತ್ತವೆ. ಹಾಗಾಗಿ ನಲ್ಲಿಯಲ್ಲಿ ಬಿಸಿನೀರು ಬರುತ್ತಿದ್ದು, ಕೆಲವು ರೇಡಿಯೇಟರ್ ಕಾಯುತ್ತಿದ್ದರೆ, ತಪ್ಪು ಬಾಯ್ಲರ್‌ನದ್ದಾಗಿರುವುದು ಕಡಿಮೆ. ನೀರು ಅಲ್ಲಿಗೆ ತಲುಪುತ್ತಿಲ್ಲ, ಅಷ್ಟೇ.

ಎಲ್ಲಿ ತಡೆದಿದೆ ಅಂತ ಅಂಗೈಯೇ ಹೇಳುತ್ತದೆ. ಹೀಟಿಂಗ್ ಹಾಕಿ ಅರ್ಧ ಗಂಟೆ ಬಿಟ್ಟು ರೇಡಿಯೇಟರ್ ಅನ್ನು ಹುಷಾರಾಗಿ ಮುಟ್ಟಿ ನೋಡಿ. ಮೇಲೆ ತಣ್ಣಗೆ, ಕೆಳಗೆ ಬಿಸಿ ಅಂದರೆ ಗಾಳಿ. ಕೆಳಗೆ ನಡುಭಾಗ ತಣ್ಣಗೆ, ಸುತ್ತ ಬಿಸಿ ಅಂದರೆ ರಾಡಿ. ಪೂರ್ತಿ ತಣ್ಣಗಿದ್ದರೆ ವಾಲ್ವ್ ನೋಡಬೇಕು, ಇಲ್ಲವೇ ನೀರಿನ ಹಂಚಿಕೆ ಸರಿಯಿಲ್ಲ.

ಗಾಳಿ ತೆಗೆಯುವುದಕ್ಕೆ ಇಲ್ಲಿ ಬ್ಲೀಡ್ ಮಾಡುವುದು ಅನ್ನುತ್ತಾರೆ. ಅದಕ್ಕೆ ಬೇಕಾದ ಸಣ್ಣ ಕೀಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹೀಟಿಂಗ್ ಆರಿಸಿ, ನೀರು ತಣ್ಣಗಾಗಲು ಬಿಡಿ. ಕೆಳಗಿನ ಮಹಡಿಯಿಂದ ಶುರು ಮಾಡಿ. ರೇಡಿಯೇಟರ್‌ನ ಮೇಲ್ತುದಿಯಲ್ಲಿರುವ ಚೌಕದ ಮೊಳೆಗೆ ಕೀಲಿ ಕೂರಿಸಿ, ಕೆಳಗೊಂದು ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು ತಿರುಗಿಸಿ. ಉಸ್ ಅಂತ ಗಾಳಿ ಹೋಗುತ್ತದೆ. ನೀರು ಜಿನುಗಿದ ಕೂಡಲೇ ಮುಚ್ಚಿ. ನಾನು ಹಿಡಿದದ್ದು ಹಳೆಯ ಬಿಳಿ ಪಂಚೆಯ ತುಂಡು. ಅಮ್ಮನ ರೂಮಿನ ರೇಡಿಯೇಟರ್‌ನಿಂದ ಬಿದ್ದ ನಾಲ್ಕು ಹನಿಗೆ ಅದು ಕಾಡಿಗೆ ಬಳಿದ ಹಾಗೆ ಕಪ್ಪಾಯಿತು. ಆ ಕಪ್ಪಿನ ವಿಷಯ ಮುಂದೆ ಹೇಳುತ್ತೇನೆ.

ಗಾಳಿ ಹೋದ ಮೇಲೆ ಒತ್ತಡ ಇಳಿಯುತ್ತದೆ. ಬಾಯ್ಲರ್‌ನ ಮೀಟರ್ ನೋಡಿ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಕಡಿಮೆ ಇದ್ದರೆ ಫಿಲ್ಲಿಂಗ್ ಲೂಪ್ ತೆರೆದು ನಿಧಾನವಾಗಿ ನೀರು ತುಂಬಿ. ಎಷ್ಟೋ ಮನೆಗಳಲ್ಲಿ ಅದು ಬಾಯ್ಲರ್ ಕೆಳಗಿನ, ಹೆಣೆದ ಸ್ಟೀಲ್ ಹೊದಿಕೆಯ ಸಣ್ಣ ಪೈಪ್. ತುಂಬಿದ ಮೇಲೆ ಮುಚ್ಚಲು ಮರೆಯಬೇಡಿ. ಒತ್ತಡ 3 ಬಾರ್ ತಲುಪಿದರೆ ಸೇಫ್ಟಿ ವಾಲ್ವ್ ತೆರೆದು ನೀರು ಹೊರಗೆ ಸುರಿಯುತ್ತದೆ. ವಾರವಾರವೂ ಬ್ಲೀಡ್ ಮಾಡಬೇಕಾಗಿ ಬಂದರೆ ಸುಮ್ನೆ ಮಾಡುತ್ತಾ ಹೋಗಬೇಡಿ. ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗೆ ಕಬ್ಬಿಣ ತುಕ್ಕು ಹಿಡಿದು ಅನಿಲ ಹುಟ್ಟುತ್ತಿದೆ ಅಂತ ಅರ್ಥ.

ಪೂರ್ತಿ ತಣ್ಣಗಿರುವ ರೇಡಿಯೇಟರ್‌ಗೆ ಬನ್ನಿ. ಒಂದು ತುದಿಯಲ್ಲಿ 1ರಿಂದ 5ರವರೆಗೆ ಅಂಕಿ ಇರುವ ತಿರುಗಣೆ ಇರುತ್ತದೆ. ಇದೇ ಟಿಆರ್‌ವಿ, ಅಂದರೆ ಥರ್ಮೋಸ್ಟಾಟಿಕ್ ರೇಡಿಯೇಟರ್ ವಾಲ್ವ್. ರೂಮಿನ ಬಿಸಿ ನೋಡಿಕೊಂಡು ನೀರನ್ನು ಬಿಡುವುದು, ತಡೆಯುವುದು ಅದರ ಕೆಲಸ. ತಲೆಯನ್ನು ಬಿಚ್ಚಿದರೆ ಒಳಗೆ ಒಂದು ಸಣ್ಣ ಪಿನ್ ಕಾಣುತ್ತದೆ. ಅದನ್ನು ಒತ್ತಿದರೆ ಕೆಲವು ಮಿಲಿಮೀಟರ್ ಒಳಗೆ ಹೋಗಿ ತಾನಾಗಿ ಮೇಲೆ ಬರಬೇಕು. ನಮ್ಮ ಮೂರರಲ್ಲಿ ಒಂದರ ಪಿನ್ ಕೆಳಗೇ ಕಚ್ಚಿಕೊಂಡಿತ್ತು. ಸ್ಪ್ಯಾನರ್‌ನ ಚಪ್ಪಟೆ ಬದಿಯಿಂದ ಮೆಲ್ಲಗೆ ಒತ್ತಿ, ಪಕ್ಕದಲ್ಲಿ ತಟ್ಟಿ, ಮತ್ತೆ ಒತ್ತಿದೆ. ಐದನೇ ಸಲಕ್ಕೆ ಟಕ್ ಅಂತ ಮೇಲೆ ಬಂತು. ಪೈಪಿನೊಳಗೆ ನೀರು ಹರಿಯುವ ಸದ್ದು ಆ ಕ್ಷಣವೇ ಕೇಳಿಸಿತು. ಇಕ್ಕಳದಿಂದ ಮಾತ್ರ ಎಳೆಯಬೇಡಿ. ಪಿನ್ ಕಿತ್ತು ಬಂದರೆ ನೀರು ಚಿಮ್ಮಬಹುದು.

ಅಮ್ಮನ ರೂಮಿನ ಪಿನ್ ಸರಿಯಾಗಿಯೇ ಆಡುತ್ತಿತ್ತು. ಗಾಳಿಯೂ ಇರಲಿಲ್ಲ. ಅಲ್ಲಿ ಕೊರತೆ ಹಂಚಿಕೆಯದು. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬುತ್ತದೆ, ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತ ಕಾಯುತ್ತಾ ಕೂರುತ್ತಾನೆ. ಮೇಲಿನ ತೂಬು ಇಳಿಸಿದರೆ ಮಾತ್ರ ಕೆಳಗಿನವನಿಗೆ ನೀರು. ಮನೆಯೊಳಗೂ ಅದೇ ಲೆಕ್ಕ. ಬಾಯ್ಲರ್‌ಗೆ ಹತ್ತಿರದ ರೇಡಿಯೇಟರ್‌ಗಳು ನೀರನ್ನೆಲ್ಲ ಕುಡಿದುಬಿಡುತ್ತವೆ. ಬಾಯ್ಲರ್‌ನ ಶಾಖ ಏರಿಸಿದರೆ ಹಾಲ್ ಇನ್ನಷ್ಟು ಕಾಯುತ್ತದೆ, ಹಿಂದಿನ ರೂಮು ಹಾಗೇ ಇರುತ್ತದೆ.

ಇಲ್ಲಿನ ತೂಬು ಅಂದರೆ ಲಾಕ್‌ಶೀಲ್ಡ್ ವಾಲ್ವ್. ರೇಡಿಯೇಟರ್‌ನ ಇನ್ನೊಂದು ತುದಿಯಲ್ಲಿ, ಅಂಕಿ ಇಲ್ಲದ ಪ್ಲಾಸ್ಟಿಕ್ ಟೋಪಿಯ ಕೆಳಗೆ ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಎಲ್ಲ ಟಿಆರ್‌ವಿ, ಎಲ್ಲ ಲಾಕ್‌ಶೀಲ್ಡ್ ಪೂರ್ತಿ ತೆರೆಯಿರಿ. ಎಷ್ಟು ಸುತ್ತು ತಿರುಗಿಸಿದಿರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ತಣ್ಣಗಿರುವ ಮನೆಯಲ್ಲಿ ಹೀಟಿಂಗ್ ಹಾಕಿ, ಯಾವುದು ಮೊದಲು ಕಾಯುತ್ತದೆ, ಯಾವುದು ಕೊನೆಗೆ ಅಂತ ಗಮನಿಸಿ. ಮೊದಲು ಕಾದದ್ದರ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯಿರಿ. ಮುಂದಿನದಕ್ಕೆ ಸ್ವಲ್ಪ ಜಾಸ್ತಿ. ಹೀಗೇ ಹೋಗಿ, ಕೊನೆಯದನ್ನು ಪೂರ್ತಿ ತೆರೆದೇ ಬಿಡಿ. ಪೈಪಿಗೆ ಹಿಡಿಯುವ ಥರ್ಮಾಮೀಟರ್ ಇದ್ದರೆ, ಒಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ ಇರುವ ವ್ಯತ್ಯಾಸ ಅಳೆಯಿರಿ. ಹಳೆಯ ಲೆಕ್ಕ ಸುಮಾರು 11 ಡಿಗ್ರಿ. ಹೊಗೆಯ ಶಾಖವನ್ನೂ ಹಿಡಿದು ಬಳಸುವ ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗೆ 20ರವರೆಗೂ ಇಡುತ್ತಾರೆ. ಎಲ್ಲ ರೇಡಿಯೇಟರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು, ಅದು ಮುಖ್ಯ. ಪ್ರತಿ ಸಲ ತಿರುಗಿಸಿದ ಮೇಲೆ ಹತ್ತು, ಹದಿನೈದು ನಿಮಿಷ ಕಾಯಿರಿ. ಅವಸರ ಮಾಡಿದರೆ ಕೆಲಸ ಕೆಡುತ್ತದೆ. ನಮ್ಮಲ್ಲಿ ಹಾಲ್‌ನದನ್ನು ಕಾಲು ಸುತ್ತಿಗೆ ಇಳಿಸಿದ ಇಪ್ಪತ್ತು ನಿಮಿಷಕ್ಕೆ ಅಮ್ಮನ ರೂಮಿನ ಪೈಪ್ ಬೆಚ್ಚಗಾಯಿತು.

ಇದನ್ನು ಇಲ್ಲಿ ಬ್ಯಾಲೆನ್ಸಿಂಗ್ ಅನ್ನುತ್ತಾರೆ. ಬಾಯ್ಲರ್ ಹಾಕುವವರು ಮಾಡಿಯೇ ಹೋಗಬೇಕಾದ ಕೆಲಸ ಇದು. ಹೊತ್ತು ಹಿಡಿಯುತ್ತದೆ ಅಂತ ಬಿಟ್ಟು ಹೋಗುವವರಿದ್ದಾರೆ. ಕೊಟೇಷನ್ ಕೇಳುವಾಗಲೇ "ಬ್ಯಾಲೆನ್ಸಿಂಗ್ ಸೇರಿದೆಯಾ?" ಅಂತ ಕೇಳಿ, ಬರೆಸಿಕೊಳ್ಳಿ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಥರ್ಮೋಸ್ಟಾಟ್ ಹಾಲ್‌ನಲ್ಲಿದ್ದು ಹಾಲ್ ಬೇಗ ಕಾದರೆ, ಸಾಕು ಅಂತ ಅದು ಬಾಯ್ಲರ್ ನಿಲ್ಲಿಸಿಬಿಡುತ್ತದೆ. ರೂಮುಗಳು ಅರ್ಧಕ್ಕೇ ನಿಲ್ಲುತ್ತವೆ.

ಈಗ ಆ ಕಪ್ಪು ನೀರು. ಅದು ಪೈಪು, ರೇಡಿಯೇಟರ್‌ಗಳ ಒಳಗಿನ ಕಬ್ಬಿಣ ಕೊರೆದು ಆದ ರಾಡಿ, ನುಣ್ಣನೆಯ ಕಪ್ಪು ಪುಡಿ. ಹೊಸ ಬಾಯ್ಲರ್‌ನ ಒಳದಾರಿಗಳು ಸಣ್ಣವು, ಇದು ಅಲ್ಲಿ ಹೋಗಿ ಕೂತರೆ ಬಾಯ್ಲರ್‌ಗೇ ಅಪಾಯ. ಅದಕ್ಕೇ ಬಿಎಸ್ 7593 ಅನ್ನುವ ಬ್ರಿಟಿಷ್ ಮಾನದಂಡ, ಹೊಸದು ಹಾಕುವ ಮುಂಚೆ ವ್ಯವಸ್ಥೆ ತೊಳೆಯಬೇಕು, ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಬೇಕು, ಫಿಲ್ಟರ್ ಕೂರಿಸಬೇಕು ಅನ್ನುತ್ತದೆ. ಬಾಯ್ಲರ್ ಪುಸ್ತಕದ ಕೊನೆಗೆ ಬೆಂಚ್‌ಮಾರ್ಕ್ ಅನ್ನುವ ಪಟ್ಟಿ ಇರುತ್ತದೆ. ಯಾವ ಕ್ಲೀನರ್, ಯಾವ ಇನ್‌ಹಿಬಿಟರ್ ಹಾಕಿದರು ಅಂತ ಅದರಲ್ಲಿ ತುಂಬಿಸಿರಬೇಕು. ನಮ್ಮದರಲ್ಲಿ ಆ ಜಾಗ ಖಾಲಿ ಇತ್ತು. ಅದರ ಫೋಟೋ, ಪಂಚೆ ತುಂಡಿನ ಫೋಟೋ ಎರಡನ್ನೂ ಬಾಯ್ಲರ್ ಹಾಕಿದವರಿಗೆ ಈಮೇಲ್‌ನಲ್ಲಿ ಕಳಿಸಿದೆ. ಮುಂದಿನ ವಾರವೇ ಬಂದು, ದುಡ್ಡು ಕೇಳದೆ ತೊಳೆದುಕೊಟ್ಟರು.

ದುಡ್ಡು ಕೇಳದೆ ಯಾಕೆ ಅಂದರೆ, 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆ ನಿಮ್ಮ ಕಡೆ ಇದೆ. ಕೆಲಸವನ್ನು ತಕ್ಕ ಕಾಳಜಿಯಿಂದ, ಕುಶಲತೆಯಿಂದ ಮಾಡಿಲ್ಲದಿದ್ದರೆ ಮತ್ತೆ ಮಾಡಿಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ಅದೂ ಆಗದಿದ್ದರೆ ಬೆಲೆ ಇಳಿಸಿ ಅನ್ನಬಹುದು. ಮೊದಲು ಹಾಕಿದವರಿಗೇ ಬರೆಯಿರಿ. ಬೇರೆಯವರನ್ನು ಕರೆಸಿ ಬಿಚ್ಚಿಸಿದರೆ, ಅವರು ಕೈಯಾಡಿಸಿ ಕೆಡಿಸಿದರು ಅನ್ನುವ ಮಾತು ಬರುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದು, ಬೆಲೆ 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ಒಳಗೆ ಇದ್ದರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯನ್ನೂ ಕೇಳಬಹುದು.

ಒಂದು ಗೆರೆ ಮಾತ್ರ ದಾಟಬೇಡಿ. ರೇಡಿಯೇಟರ್ ನೀವು ಮುಟ್ಟಬಹುದು, ಬಾಯ್ಲರ್‌ನ ಮುಚ್ಚಳ ಬಿಚ್ಚಬಾರದು. ಗ್ಯಾಸ್ ಕೆಲಸಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಹೆಸರಿರುವವರೇ ಬೇಕು. ಅವರ ಕಾರ್ಡ್‌ನ ಹಿಂದೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರೆದಿರುತ್ತದೆ, ತಿರುಗಿಸಿ ನೋಡಿ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಗ್ಯಾಸ್ ವಾಸನೆ ಬಂದರೆ ಕಿಟಕಿ ತೆರೆದು ಹೊರಗೆ ಹೋಗಿ, 0800 111 999ಕ್ಕೆ ಫೋನ್ ಮಾಡಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮೂರಕ್ಕೂ ಇದೇ ನಂಬರ್.

ಬಾಡಿಗೆ ಮನೆಯವರು ಕೈಯಿಂದ ದುಡ್ಡು ಹಾಕುವ ಮುಂಚೆ ಮಾಲೀಕರಿಗೆ ಬರೆಯಿರಿ. ಇಂಗ್ಲೆಂಡ್, ವೇಲ್ಸ್ ಎರಡರಲ್ಲೂ ಹೀಟಿಂಗ್ ಮತ್ತು ಬಿಸಿನೀರನ್ನು ರಿಪೇರಿಯಲ್ಲಿಡುವುದು ಮಾಲೀಕರ ಹೊಣೆ, ಕಾನೂನೇ ಹಾಗಿದೆ. ಫೋನ್‌ನಲ್ಲಿ ಹೇಳಿದರೂ ಅದೇ ದಿನ ಈಮೇಲ್ ಹಾಕಿ. ಮನೆಯಲ್ಲಿ ಹಸುಗೂಸು ಅಥವಾ ವಯಸ್ಸಾದವರು ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಸರಿಯಾಗುವ ತನಕ ಒಂದು ಎಲೆಕ್ಟ್ರಿಕ್ ಹೀಟರ್ ಕೊಡಿ ಅಂತ ಕೇಳಿ. ಬಾಡಿಗೆ ಮಾತ್ರ ನಿಲ್ಲಿಸಬೇಡಿ, ಅದು ನಿಮಗೇ ತಿರುಗುತ್ತದೆ. ಉತ್ತರ ಬಾರದಿದ್ದರೆ ಆ ಈಮೇಲ್‌ಗಳನ್ನು ಹಿಡಿದು ನಿಮ್ಮ ಕೌನ್ಸಿಲ್‌ನ ವಸತಿ ವಿಭಾಗಕ್ಕೆ ಹೋಗಿ.