ನಿವ್ವಳ ತೂಕಕ್ಕೆ ಸೆಟರ್ ಯಾಕ್ರಿ?

ಮುಧೋಳದ ಕಡೆ ಕಬ್ಬಿನ ಗಾಡಿ ತೂಗುವ ಒಂದು ಕಾಟಾಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ, ಜಾವಾದಲ್ಲಿ. ಅದನ್ನೇ ಪೈಥಾನ್‌ಗೆ ತರುವಾಗ ಹಳೇ ಚಾಳಿ ಬಿಡಲಿಲ್ಲ. ತುಂಬಿದ ಗಾಡಿಯ ತೂಕ ‘ಲೋಡ್’, ಬರಿ ಗಾಡಿಯದು ‘ಖಾಲಿ’; ತೂಕ ಓದಿಕೊಡುವ ಮೆಥಡ್ ಗೆಟರ್, ಅದನ್ನು ಬರೆದಿಡುವುದು ಸೆಟರ್. ಗೆಟ್‌ಲೋಡ್, ಸೆಟ್‌ಲೋಡ್, ಗೆಟ್‌ಖಾಲಿ, ಸೆಟ್‌ಖಾಲಿ ಅಂತ ಬರೆದೂ ಬರೆದೂ ಇಪ್ಪತ್ತು ಸಾಲಿನ ಕ್ಲಾಸು ತೊಂಬತ್ತಾಯಿತು. ನೀವು ಹಾಗೆ ಮಾಡಬೇಡಿ.

ಜಾವಾದಲ್ಲಿ ಫೀಲ್ಡನ್ನು (ಕ್ಲಾಸಿನೊಳಗೆ ಮೌಲ್ಯ ಇಡುವ ಜಾಗ) ಹೊರಗಿನ ಕೋಡೂ ಮುಟ್ಟುವಂತೆ ಪಬ್ಲಿಕ್ ಬಿಟ್ಟು, ಆಮೇಲೆ ತಪಾಸಣೆ ಸೇರಿಸಹೋದರೆ ಅದನ್ನು ಬಳಸಿದ ಸಾಲುಗಳನ್ನೆಲ್ಲ ತಿದ್ದಬೇಕು. ಆ ಭಯಕ್ಕೇ ಮೊದಲೇ ಗೆಟರ್, ಸೆಟರ್. ಪೈಥಾನ್‌ನಲ್ಲಿ ಆ ಭಯವಿಲ್ಲ. ಸುಮ್ಮನೆ ಗಾಡಿ.ಖಾಲಿ = 4200 ಅಂತ ಶುರುಮಾಡಿ. ಖಾಲಿ ತೂಕ ಲೋಡಿಗಿಂತ ಹೆಚ್ಚು ಬಂದರೆ ತಡೆಯಬೇಕು ಅನ್ನಿಸಿದ ದಿನ ಗೆಟರ್ ಮೇಲೆ @ಪ್ರಾಪರ್ಟಿ, ಅದರ ಕೆಳಗಿನ ಸೆಟರ್ ಮೇಲೆ @ಖಾಲಿ.ಸೆಟರ್ ಬರೆಯಿರಿ, ಹೊರಗಿನ ಕೋಡ್ ಮುಟ್ಟಬೇಕಿಲ್ಲ. ಆದರೆ ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್‌ನಲ್ಲಿ ಲೋಡ್ ಮೊದಲು, ಖಾಲಿ ಆಮೇಲೆ ಇಡಿ, ತಪಾಸಣೆಗೆ ಲೋಡ್ ಬೇಕಲ್ಲ. ಕಾಟಾದ ಮೇಲೂ ಗಾಡಿ ಹತ್ತುವುದು ಅದೇ ಕ್ರಮದಲ್ಲಿ.

ಸೆಟರ್ ಒಳಗೆ ಸೆಲ್ಫ್._ಖಾಲಿ ಅಂತ ಅಂಡರ್‌ಸ್ಕೋರ್ ಇರಲಿ. ಮರೆತರೆ ಸೆಟರ್ ತನ್ನನ್ನೇ ಕರೆಯುತ್ತ ಹೋಗಿ ರಿಕರ್ಶನ್‌ಎರರ್ ಕೊಟ್ಟು ಮಲಗುತ್ತದೆ. ಕಾಟ್ಲಿನ್ ಭಾಷೆಯಲ್ಲೂ ಇದೇ ಗುಂಡಿ, ಅಲ್ಲಿ ‘ಫೀಲ್ಡ್’ ಎಂಬ ಪದ ಬಳಸಬೇಕು. ಸಿ ಶಾರ್ಪ್ ಭಾಷೆಯಲ್ಲಿ ತಪಾಸಣೆ ಬೇಡ, ಹೊರಗಿನವರು ಬರೆಯದಿದ್ದರೆ ಸಾಕು ಅನ್ನುವವರದು ಆರಾಮ: ಗೆಟ್, ಪ್ರೈವೇಟ್ ಸೆಟ್ ಎಂದರೆ ಮುಗಿಯಿತು.

ನನ್ನ ಹಳೇ ಕೋಡಿನಲ್ಲಿ ನಿವ್ವಳ ತೂಕಕ್ಕೂ ಸೆಟರ್ ಇತ್ತು, ಸ್ಕ್ರೀನಿನಲ್ಲಿ ಅದಕ್ಕೊಂದು ಖಾನೆ ಕೂಡ. ಕಾಟಾ ನೋಡಿಕೊಳ್ಳುವ ಕಾಕಾ ಅದರ ಮೇಲೆ ಬೆರಳಿಟ್ಟು, “ತಮ್ಮಾ, ನಿವ್ವಳ ನಾವು ಬರಿಯೂದಲ್ಲೋ, ಅದು ತಾನs ಬರತೈತಿ” ಅಂದರು. ಈಗ ಅದಕ್ಕೆ ಗೆಟರ್ ಅಷ್ಟೇ: ಲೋಡಿನಲ್ಲಿ ಖಾಲಿ ಕಳೆದದ್ದು. ಯಾರಾದರೂ ಬರೆಯಹೋದರೆ ಆಟ್ರಿಬ್ಯೂಟ್‌ಎರರ್.

ಆದರೆ ಗೆಟರ್ ಒಳಗೆ ಲೆಕ್ಕಕ್ಕಿಂತ ದೊಡ್ಡ ಕೆಲಸ ಇಡಬೇಡಿ. ನಾನು ಕಾಟಾದ ತಂತಿ ಬಂದು ಸೇರುವ ಸೀರಿಯಲ್ ಪೋರ್ಟಿನಿಂದ ತೂಕ ಓದುವುದನ್ನೇ ಗಾಡಿ.ತೂಕ ಅಂತ ಪ್ರಾಪರ್ಟಿ ಮಾಡಿದ್ದೆ. ಚೀಟಿಯಲ್ಲಿ ಅದು ಎರಡು ಕಡೆ ಬರುತ್ತಿತ್ತು. ಒಮ್ಮೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 70 ಕಿಲೊ ಫರಕು. ನಡುವೆ ಡ್ರೈವರ್ ಚಹಾಕ್ಕೆ ಇಳಿದಿದ್ದ! ಈಗ ಅದು ತೂಕ_ಓದು() ಎಂಬ ಮೆಥಡ್. ಆವರಣಚಿಹ್ನೆ ಕಂಡರೆ ಬಳಸುವವನಿಗೂ ಗೊತ್ತಾಗುತ್ತದೆ, ಇಲ್ಲೇನೋ ಕೆಲಸ ನಡೆಯುತ್ತದೆ ಅಂತ.

ಇನ್ನೊಂದು. ಗಾಡಿ.ಖಾಲಿ ಬದಲು ಗಾಡಿ.ಕಾಲಿ ಅಂತ ಬರೆದರೆ ಜಾವಾ ಕಂಪೈಲರ್ ಅಲ್ಲೇ ತಡೆಯುತ್ತಿತ್ತು. ಪೈಥಾನ್ ಮಾತ್ರ ತುಟಿಪಿಟಕ್ಕೆನ್ನದೆ ಹೊಸದೊಂದನ್ನು ಹುಟ್ಟಿಸಿಕೊಡುತ್ತದೆ. ಕ್ಲಾಸಿನಲ್ಲಿ __ಸ್ಲಾಟ್ಸ್__ (ಇರಬಹುದಾದ ಹೆಸರುಗಳ ಪಟ್ಟಿ) ಹಾಕಿ, ಅದರಲ್ಲಿ ಲೋಡ್, _ಖಾಲಿ ಎರಡನ್ನೇ ಹೆಸರಿಸಿ, ಮೂರನೆಯದು ಹುಟ್ಟುವುದಿಲ್ಲ.