ಅಳಿವೆ ದಾಟಿದ ಮೇಲೆ ನಿಲ್ಲುತ್ತಿದ್ದ ಎಂಜಿನ್

ನನ್ನ ದೋಣಿಯ ಎಂಜಿನ್ ಹದಿನೈದು ಅಶ್ವಶಕ್ತಿಯ ಹಳೆಯ ಟೂ-ಸ್ಟ್ರೋಕ್. ಕುಂಬಳೆಯ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ನಮ್ಮ ಕಾಸರಗೋಡಿನ ಕಡಲಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳು ಬಹಳ. ನನ್ನದು ಪೂರ್ತಿ ಪೆಟ್ರೋಲಿನದು. ಎರಡು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ತೊಂದರೆ ಶುರುವಾದದ್ದು ಮಳೆಗಾಲದಲ್ಲಿ.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ನಾಡದೋಣಿಗಳಿಗೆ ಆ ನಿಷೇಧ ಇಲ್ಲ. ದೊಡ್ಡ ಬೋಟುಗಳು ದಡದಲ್ಲಿರುವ ಆ ದಿನಗಳೇ ನಮಗೆ ನಾಲ್ಕು ಕಾಸು ಕೂಡಿಬರುವ ಕಾಲ. ಕಡಲು ತುಸು ಶಾಂತವಾಗಿದ್ದ ಒಂದು ಬೆಳಗ್ಗೆ ತಮ್ಮನೂ ನಾನೂ ಶಿರಿಯ ಹೊಳೆಯಿಂದ ಹೊರಟೆವು. ಹೊಳೆಯಲ್ಲಿ ಎಂಜಿನ್ ಚೆನ್ನಾಗಿಯೇ ಓಡಿತು. ಹೊಳೆ ಕಡಲು ಸೇರುವ ಅಳಿವೆ ದಾಟಿ ಪೂರ್ತಿ ವೇಗ ಕೊಟ್ಟು ಹತ್ತು-ಹದಿನೈದು ನಿಮಿಷವಾಗುವಾಗ ಅದರ ಸ್ವರ ಇಳಿಯಿತು, ಎರಡು ಸಲ ಮುಗ್ಗರಿಸಿದಂತೆ ಮಾಡಿ ನಿಂತಿತು. ಐದು ನಿಮಿಷ ಬಿಟ್ಟು ಹಗ್ಗ ಎಳೆದರೆ ಮತ್ತೆ ಸ್ಟಾರ್ಟ್. ಮತ್ತೆ ಹತ್ತು ನಿಮಿಷಕ್ಕೆ ಅದೇ ಪಾಡು. ಅಳಿವೆ ಬಾಯಲ್ಲಿ ತೆರೆ ಒಡೆಯುವ ಜಾಗದಲ್ಲಿ ಹೀಗಾದರೆ ದೋಣಿ ಅಡ್ಡ ತಿರುಗುತ್ತದೆ. ಆಮೇಲೆ ಹಗ್ಗ ಎಳೆಯಲು ಸಮಯವಿರುವುದಿಲ್ಲ.

ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. ನೇರವಾಗಿ ಕಾರ್ಬೊರೇಟರ್ ಬಿಚ್ಚಿದೆ. ತೊಳೆದು ಕೂರಿಸಿ, ಅಂಗಳದಲ್ಲಿ ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಇಳಿಸಿ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆ ನಿಲ್ಲದೆ ಓಡಿತು. ಸರಿಯಾಯಿತೆಂದು ಕಡಲಿಗೆ ಹೋದರೆ ಮತ್ತೆ ನಿಂತಿತು. ಮೂರು ಸಲ ಹೀಗೇ ಆಯಿತು. ಪ್ಲಗ್ಗುಗಳನ್ನೂ ಬದಲಿಸಿದೆ. ಹಣ ಹೋಯಿತು, ಮೀನು ಸಿಗುವ ದಿನಗಳೂ ಹೋದವು.

ದಾರಿ ತೋರಿಸಿದವರು ನಮ್ಮ ಪಕ್ಕದ ಮನೆಯ ಹಿರಿಯರು. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಅವರು ಎಂಜಿನ್ ಮುಟ್ಟಲೇ ಇಲ್ಲ. "ನಿಲ್ಲುವಾಗ ಹೇಗೆ ನಿಲ್ಲುತ್ತದೆ? ಒಮ್ಮೆಗೇ ಬಾಯಿ ಮುಚ್ಚುತ್ತದೆಯೋ, ಎಳೆದಾಡಿ ಸಾಯುತ್ತದೆಯೋ?" ಎಂದು ಕೇಳಿದರು. ಎಳೆದಾಡಿ ಎಂದೆ. "ಹಾಗಾದರೆ ಅದಕ್ಕೆ ಪೆಟ್ರೋಲ್ ಸಿಗುತ್ತಿಲ್ಲ ಮಾರಾಯ. ಸ್ವರ ಇಳಿಯುವ ಹೊತ್ತಿಗೆ ಪೈಪಿನ ರಬ್ಬರ್ ಗುಂಡನ್ನು ಮುಟ್ಟಿ ನೋಡು" ಎಂದರು. ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪಿನ ನಡುವೆ, ಕೈಯಿಂದ ಒತ್ತಿ ಪೆಟ್ರೋಲ್ ಏರಿಸುವ ಗುಂಡು ಅದು. ಕಿಡಿಯ ದೋಷವಾದರೆ ಹೆಚ್ಚಾಗಿ ಸ್ವಿಚ್ ಒತ್ತಿದಂತೆ ಒಮ್ಮೆಗೇ ನಿಲ್ಲುತ್ತದೆ ಎಂಬುದು ಅವರ ಅನುಭವ.

ಮರುದಿನ ಎಂಜಿನ್ ಹಿಡಿದದ್ದು ತಮ್ಮ, ನಾನು ಹಿಂದೆ ಬಲೆಯ ಪಕ್ಕ ಮಂಡಿಯೂರಿ ಗುಂಡನ್ನು ಹಿಡಿದು ಕುಳಿತೆ. ಹೊರಡುವಾಗ ಅದು ಎಳೆ ಅಡಿಕೆಯಂತೆ ಗಟ್ಟಿ. ಅಳಿವೆ ದಾಟಿ ವೇಗ ಏರಿಸಿದ ಮೇಲೆ ಬೆರಳಿನ ಅಡಿಯಲ್ಲೇ ಅದು ಒಳಗೊಳಗೆ ಕುಸಿಯತೊಡಗಿತು. ಕೊನೆಗೆ ಹಿಂಡಿದ ಲಿಂಬೆಯ ಸಿಪ್ಪೆಯಂತೆ ಚಪ್ಪಟೆಯಾಯಿತು. ಎಂಜಿನ್ ನಿಂತಿತು. ಹಾಗೆ ಗುಂಡು ಚಪ್ಪಟೆಯಾದರೆ ಎಂಜಿನ್ ಎಳೆಯುತ್ತಿದೆ, ಟ್ಯಾಂಕಿನ ಕಡೆಯಿಂದ ಬರುತ್ತಿಲ್ಲ ಎಂದರ್ಥ. ಎಷ್ಟು ಒತ್ತಿದರೂ ಗುಂಡು ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಗುಂಡಿನೊಳಗಿನ ವಾಲ್ವ್ ಹೋಗಿದೆ. ಸಾಯುತ್ತಿರುವ ಎಂಜಿನ್ ಗುಂಡು ಒತ್ತಿದಾಗ ಚೇತರಿಸಿಕೊಂಡರೆ ಎಂಜಿನ್ನಿನ ಪೆಟ್ರೋಲ್ ಪಂಪಿನೊಳಗಿನ ತೆಳು ಪೊರೆಯ (ಡಯಾಫ್ರಮ್) ಮೇಲೆ ಸಂಶಯಪಡಬೇಕು. ಅಂಗೈಯಷ್ಟು ರಬ್ಬರ್ ಇಷ್ಟೆಲ್ಲ ಹೇಳುತ್ತದೆ.

ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ನೋಡಿದೆ, ತೆರೆದೇ ಇತ್ತು. ಮುಚ್ಚಳವನ್ನೇ ಸಡಿಲಿಸಿದರೂ ಫಲವಿಲ್ಲ. ಆಮೇಲೆ ದೊಡ್ಡಪ್ಪನ ಮಗನ ದೋಣಿಯಿಂದ ಟ್ಯಾಂಕನ್ನೂ ಪೈಪನ್ನೂ ಕೇಳಿ ತಂದು ಜೋಡಿಸಿದೆ. ಅರ್ಧ ಗಂಟೆ ಪೂರ್ತಿ ವೇಗದಲ್ಲಿ ಓಡಿತು. ಎಂಜಿನ್ ನಿರ್ದೋಷಿ ಎಂದು ಅಲ್ಲೇ ತೀರ್ಮಾನವಾಯಿತು. ಮತ್ತೆ ನನ್ನ ಟ್ಯಾಂಕಿಗೆ ಅವನ ಪೈಪ್ ಹಾಕಿದೆ, ಆಗಲೂ ಓಡಿತು. ಉಳಿದದ್ದು ನನ್ನ ಪೈಪ್ ಒಂದೇ.

ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗಿನಿಂದ ಒಂದು ಬಿರುಕೂ ಇಲ್ಲ. ಟ್ಯಾಂಕಿಗೂ ಗುಂಡಿಗೂ ನಡುವೆ ಒಳಪದರ ಹಾವಿನ ಪೊರೆಯಂತೆ ಎದ್ದು, ಒಂದು ತುಂಡು ನಾಲಗೆಯ ಹಾಗೆ ಜೋತಿತ್ತು. ಎಂಜಿನ್ ಜೋರಾಗಿ ಎಳೆದಾಗ ಆ ನಾಲಗೆ ದಾರಿ ಮುಚ್ಚುತ್ತಿತ್ತು, ಎಂಜಿನ್ ನಿಂತು ಸೆಳೆತ ತಪ್ಪಿದಾಗ ಸಡಿಲವಾಗುತ್ತಿತ್ತು. ಐದು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತಿದ್ದ ಗುಟ್ಟು ಅದು. ಡ್ರಮ್ಮಿನಲ್ಲಿ ದೋಣಿ ತಳ್ಳುವ ಭಾರವಿಲ್ಲದೆ ಓಡುವ ಎಂಜಿನ್‌ಗೆ ಬೇಕಾಗುವ ಪೆಟ್ರೋಲ್ ಎಷ್ಟು ಮಹಾ? ಅಷ್ಟು ಹೇಗೂ ಸಿಗುತ್ತಿತ್ತು. ಅಂಗಳದಲ್ಲಿ ನೂರು ಸಲ ಪರೀಕ್ಷಿಸಿದ್ದರೂ ಈ ದೋಷ ಕಾಣಿಸುತ್ತಿರಲಿಲ್ಲ.

ಈಗ ಬರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರನ್ನು ಅದು ಮೆತ್ತಗಾಗಿಸುತ್ತದೆ, ಒಳಪದರ ಎಬ್ಬಿಸುತ್ತದೆ. ಇನ್ನೊಂದು ತೊಂದರೆ ನೀರಿನದು. ಸೀಮೆಎಣ್ಣೆಗೆ ನೀರು ಸೇರಿದರೆ ಅದು ಹಾಗೆಯೇ ತಳಕ್ಕೆ ಇಳಿಯುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಿಗೆ ಅಡಿಗೆ ಇಳಿಯುತ್ತವೆ. ನಾವು ಬೆರೆಸಿದ ಟೂ-ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ತಳದಿಂದ ಎಳೆಯುವ ಎಂಜಿನ್‌ಗೆ ಆಗ ಸಿಗುವುದು ಆಯಿಲ್ ಇಲ್ಲದ ನೀರು-ಎಥೆನಾಲ್ ಮಿಶ್ರಣ. ನಾನು 25 ಲೀಟರ್ ಟ್ಯಾಂಕಿಗೆ ಅರ್ಧ ಲೀಟರ್ ಆಯಿಲ್ ಹಾಕುತ್ತೇನೆ. ಆ ಆಯಿಲೇ ಪಿಸ್ಟನ್ನಿನ ಪ್ರಾಣ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಬಿಸಿಯೇರಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಸಾಲದೆ ಮುಗ್ಗರಿಸುವ ಟೂ-ಸ್ಟ್ರೋಕನ್ನು ಹೇಗೋ ಓಡಿಸಿಕೊಂಡು ಬರುವುದು ದೊಡ್ಡ ನಷ್ಟಕ್ಕೆ ದಾರಿ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಒಂದು ರಾತ್ರಿ ಇಟ್ಟೆ. ಬೆಳಗ್ಗೆ ಅಡಿಯಲ್ಲಿ ಎರಡು ಬೆರಳಿನಷ್ಟು ಬೇರೆ ಬಣ್ಣದ ಪದರ ನಿಂತಿತ್ತು. ಅಷ್ಟನ್ನೂ ಚೆಲ್ಲಿ ಟ್ಯಾಂಕ್ ತೊಳೆದು ಒಣಗಿಸಿದೆ.

ಮಂಗಳೂರಿನಿಂದ ಎಥೆನಾಲ್ ತಡೆಯುವ ಹೊಸ ಪೈಪ್ ತಂದೆ, ಟ್ಯಾಂಕಿಗೂ ಎಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿದೆ. ದೂರದ ಓಟದಲ್ಲಿ ನಿಲ್ಲುವುದು ತಪ್ಪಿತು. ಆದರೆ ಬಲೆ ಎಳೆಯಲು ವೇಗ ಇಳಿಸಿದಾಗ ಮಾತ್ರ ಆರುತ್ತಿತ್ತು. ಅದು ನಿಜಕ್ಕೂ ಕಾರ್ಬೊರೇಟರಿನ ದೋಷವೇ. ಮೂರು ಸಲ ಬಿಚ್ಚಿದಾಗಲೂ ನಾನು ದೊಡ್ಡ ಜೆಟ್ ಮಾತ್ರ ತೊಳೆದಿದ್ದೆ. ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಸಣ್ಣ ಜೆಟ್ ಒಳಗೆ ಹುದುಗಿರುವುದರಿಂದ ಮುಟ್ಟಿರಲಿಲ್ಲ. ಬಿಸಿಲಿಗೆ ಹಿಡಿದರೆ ಅದರ ತೂತಿನಲ್ಲಿ ಬೆಳಕೇ ಕಾಣಲಿಲ್ಲ. ಕ್ಲೀನರಿನಲ್ಲಿ ನೆನೆಸಿ, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಿದೆ. ಪಿನ್ನು, ಸೂಜಿ ಹಾಕಬಾರದು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ.

ಗುಂಡನ್ನು ಈಗ ಹಿಂದೆ ಬಲೆಯ ಪಕ್ಕ ಬಿಡದೆ, ಎಂಜಿನ್ ಹಿಡಿದವನ ಎಡಗೈಗೆ ಸಿಗುವಲ್ಲಿ ಕಟ್ಟಿದ್ದೇನೆ. ಅಳಿವೆಗೆ ಬರುವ ಮೊದಲು ತಮ್ಮ ಒಮ್ಮೆ ಅದನ್ನು ಒತ್ತಿ ನೋಡಿ ನನ್ನ ಕಡೆ ತಲೆ ಆಡಿಸುತ್ತಾನೆ. ಆಮೇಲೆ ವೇಗ ಕೊಡುತ್ತೇವೆ.